ಒಂದು ಬಸಿ ಊಟ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಒಂಟಿ ಬಸಿ ಇತ್ತು. ಇತ್ತು ಎಂದೆ, ಈಗ ಎಲ್ಲಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಂಚಿಗೆ ಸಣ್ಣ ನೀಲಿ ಬಳ್ಳಿ ಹರಿದಿದ್ದ, ಒಂದು ಕಾಲಕ್ಕೆ ಚಹಾದ ಕಪ್ಪಿನ ಜೊತೆಗಾತಿಯಾಗಿದ್ದ ಬಸಿ ಅದು. ಕಪ್ಪು ಎಂದೋ ಕೈಜಾರಿತು. ಶಹಾಬಾದಿ ಫರಸಿಯ ನೆಲಕ್ಕೆ ಬಿದ್ದ ಪಿಂಗಾಣಿ ಬದುಕುವ ಆಸೆ ಇಟ್ಟುಕೊಳ್ಳಬಾರದೆಂಬುದು ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಗೊತ್ತು. ಉಳಿದ ಬಸಿಯನ್ನು ಎಸೆಯಲು ಮನಸ್ಸಾಗದೆ, ಸುಲಿದ ಬೆಳ್ಳುಳ್ಳಿ ಇಡಲು, ಹುಣಸೆಹಣ್ಣು ನೆನೆಹಾಕಲು, ಹಾಲಿನ ಲೋಟ ಮುಚ್ಚಲು ಬಳಸುತ್ತ ಬಂದೆ. ಒಂದು ದಿನ ಅದಕ್ಕೆ ಬಡ್ತಿ ಸಿಕ್ಕಿತು. ಅದು ನನ್ನ ಊಟದ ತಟ್ಟೆಯಾಯಿತು.

ನಗು ಬಂದರೆ ನಕ್ಕುಬಿಡಿ, ಗೆಳೆಯರೇ. ಮೊದಮೊದಲು ನಾನೂ ನಕ್ಕವಳೇ. ಸೇಡಂನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಜೀರ್ಣಾಂಗಗಳ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಜಠರವನ್ನು ಬಹಳ ಧಾರಾಳವಾಗಿ ಬಿಡಿಸುತ್ತಿದ್ದೆ. ನನ್ನ ದೇಹವೂ ಆ ಚಿತ್ರದಷ್ಟೇ ಧಾರಾಳವಾಗಿತ್ತು. ಕೊನೆಗೆ ಮಂಡಿಗಳು ಮುಷ್ಕರ ಹೂಡಿ, ರಕ್ತದೊಳಗಿನ ಸಕ್ಕರೆಯೂ ಮಾತ್ರೆಗಳ ಮಾತು ಕೇಳದಂತಾದಾಗ, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಡಾಕ್ಟರು ಜಠರದ ಬಹುಪಾಲನ್ನು ತೆಗೆದು, ಬಾಳೆಕಾಯಿಯಂಥ ಸಣ್ಣ ಕೊಳವೆಯೊಂದನ್ನು ನನಗೆ ಉಳಿಸಿಕೊಟ್ಟರು. ಮರಳುವ ರೈಲು ತಾಂಡೂರು ದಾಟಿದ ಮೇಲೆ ಬಿಸಿ ಮಿರ್ಚಿಯ ಬುಟ್ಟಿಯೊಂದು ಪರಿಮಳ ಬೀರುತ್ತ ನನ್ನ ಮುಂದೆಯೇ ಹಾದುಹೋಯಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಅದನ್ನು ತಡೆದು ನಿಲ್ಲಿಸಲಿಲ್ಲ. ಮಾರುವವನಿಗೇ ಗಾಬರಿಯಾಗಿ ಒಮ್ಮೆ ತಿರುಗಿ ನೋಡಿದ.

ಉಣ್ಣುವುದನ್ನು ಇಷ್ಟು ವಯಸ್ಸಾದ ಮೇಲೆ ಹೊಸದಾಗಿ ಕಲಿಯುವುದೆಂದರೆ, ನಡೆಯುವುದನ್ನು ಹೊಸದಾಗಿ ಕಲಿತಂತೆಯೇ. ಮೊದಲು ಬರೀ ತಿಳಿ. ಬೇಳೆಯ ಕಟ್ಟು, ಮಜ್ಜಿಗೆ, ಅದೂ ಚಮಚದಲ್ಲಿ. ಆಮೇಲೆ ಮೆತ್ತಗೆ ಹಿಸುಕಿದ್ದು. ಆಮೇಲೆ ಅಗಿಯುವಂಥದ್ದು, ಅದನ್ನೂ ಬಾಯಲ್ಲೇ ಪಾಯಸವಾಗುವವರೆಗೆ ಅಗಿಯಬೇಕು. ಮೊದಲು ಬೇಳೆ, ಮೊಸರು, ಮೊಳಕೆಕಾಳು. ಜಾಗ ಉಳಿದರೆ ಮಾತ್ರ ರೊಟ್ಟಿ, ಅನ್ನ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಕಡಕ್ ರೊಟ್ಟಿಯ ಸೀಮೆಯಲ್ಲಿ ಹುಟ್ಟಿ, ತುಂಬಿದ ತಂಬಿಗೆಯನ್ನು ಬಲಗಡೆ ಇಟ್ಟುಕೊಳ್ಳದೆ ತಟ್ಟೆಯ ಮುಂದೆ ಕೂತೇ ಗೊತ್ತಿಲ್ಲದವಳಿಗೆ ಇದು ಎಂಥ ಶಿಕ್ಷೆ ಎಂಬುದನ್ನು ನೀವೇ ಊಹಿಸಿ. ಮಳಖೇಡದ ಹತ್ತಿರ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಪಾಳಿಯ ಗಡಿಬಿಡಿಯಲ್ಲೇ ಉಂಡು ರೂಢಿಯಾದವರು. ನಾನು ಎರಡನೆಯ ತುತ್ತು ನುಂಗುವಷ್ಟರಲ್ಲಿ ಅವರು ಕೈತೊಳೆದು ಟವೆಲ್ ಹುಡುಕುತ್ತಿದ್ದರು.

ಆದರೂ ಹೇಳುತ್ತೇನೆ, ನಾನು ಸೋಲಲಿಲ್ಲ. ಹಟ ನನ್ನ ಹುಟ್ಟುಗುಣ. ಅಷ್ಟು ದಿನ ಅದನ್ನು ತಿನ್ನುವುದಕ್ಕೆ ಬಳಸಿದ್ದೆ, ಈಗ ನಿಲ್ಲಿಸುವುದಕ್ಕೆ ಬಳಸಿದೆ. ದೊಡ್ಡ ತಟ್ಟೆಯ ನಡುವೆ ನನ್ನ ಒಂದು ಹಿಡಿ ಊಟ ಬಯಲಲ್ಲಿ ಬಿಟ್ಟ ಕರುವಿನಂತೆ ಅನಾಥವಾಗಿ ಕಾಣುತ್ತಿತ್ತು; ಅದನ್ನೇ ಒಂಟಿ ಬಸಿಗೆ ಹಾಕಿದೆ, ಬಸಿ ತುಂಬಿತು, ಅದರ ಜೊತೆಗೆ ಕಣ್ಣಿನ ಹೊಟ್ಟೆಯೂ ತುಂಬಿತು. ಹೊಟ್ಟೆ ಸಾಕು ಎನ್ನುವುದಕ್ಕೆ ಮುಂಚೆ ನನ್ನ ಮೂಗಿನ ತುದಿಯಲ್ಲಿ ಒಂದು ಸಣ್ಣ ಸೀನು ಬಂದು ನಿಲ್ಲುತ್ತದೆಂದು ಪತ್ತೆಹಚ್ಚಿದೆ. ಅದು ಬಂತೆಂದರೆ ಊಟದ ಗಂಟೆ ಬಾರಿಸಿತೆಂದೇ ಅರ್ಥ. ಇನ್ನು ರುಚಿಯ ಮಾತು. ನಮ್ಮ ನೆಲದ ತೊಗರಿಬೇಳೆಗೆ, ಉಪ್ಪು ಹಾಕುವುದಕ್ಕೂ ಮುಂಚೆ, ಹಸಿರು ವಾಸನೆಯ ಒಂದು ಸಣ್ಣ ಸಿಹಿ ಇದೆ. ಜೋಳದ ರೊಟ್ಟಿಯ ಚೂರು ಬಾಯಲ್ಲಿ ಬಹಳ ಹೊತ್ತು ಇದ್ದರೆ ಕೊನೆಕೊನೆಗೆ ಸಿಹಿಯಾಗುತ್ತದೆ. ಆ ಸಿಹಿಗೆ ಜೊಲ್ಲುರಸ ಕಾರಣವೆಂದು ಮಕ್ಕಳಿಗೆ ಪ್ರತಿವರ್ಷ ಪಾಠ ಹೇಳಿದವಳು ನಾನು, ನನ್ನ ನಾಲಿಗೆಗೆ ಅದು ಗೊತ್ತಾದದ್ದು ಮಾತ್ರ ಈಗ. ಹೀಗೆ ಬಟ್ಟೆಗಳು ಸಡಿಲವಾದವು, ಮಂಡಿಗಳು ಕೆಲಸಕ್ಕೆ ಮರಳಿದವು, ಶಾಲೆಯ ಮೆಟ್ಟಿಲುಗಳ ಮೇಲೆ ನಾನು ಮಕ್ಕಳಿಗೆ ದಾರಿ ಬಿಡುವುದನ್ನು ನಿಲ್ಲಿಸಿದೆ.

ಹೊಟ್ಟೆಯನ್ನು ಒಪ್ಪಿಸಿದ್ದಾಯಿತು. ಕಾಕಿಯನ್ನು ಒಪ್ಪಿಸುವುದು ಉಳಿದಿತ್ತು.

ಕಾಕಿ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಳು. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯಲ್ಲಿ ನನ್ನನ್ನು ಸಾಕಿದವಳು ಈ ಕಾಕಿ. ತಾಯಿಯಿಲ್ಲದ ಕೂಸಿಗೆ ಅವಳು ಸಮಾಧಾನದ ಮಾತು ಹೇಳಿದ್ದು ನನಗೆ ನೆನಪಿಲ್ಲ. ಕಂಚಿನ ದೊಡ್ಡ ಗಂಗಾಳದಲ್ಲಿ ರೊಟ್ಟಿ ಮುರಿದು, ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಅದೇ ಗಂಗಾಳದಿಂದ ತಾನೂ ಉಣ್ಣುತ್ತ ನನಗೂ ಉಣಿಸುತ್ತಿದ್ದಳು. ಆ ರೂಢಿ ನನ್ನ ಮದುವೆಯಾದ ಮೇಲೂ ತಪ್ಪಲಿಲ್ಲ. ತವರಿಗೆ ಹೋದಾಗ ನಮ್ಮಿಬ್ಬರದು ಒಂದೇ ಗಂಗಾಳ. ನಮ್ಮ ಸೀಮೆಯಲ್ಲಿ ಬೇಡವೆಂಬುದು ಊಟದ ಆರಂಭದ ಮಾತು, ಮುಕ್ತಾಯದ್ದಲ್ಲ. ಸಾಕು ಎಂದರೆ "ಅರ್ಧ ಹಾಕ್ತೀನಿ ತಡಿ" ಎಂದು ಇಡೀ ರೊಟ್ಟಿ ಬೀಳುತ್ತದೆ. ಕೈ ಅಡ್ಡ ಹಿಡಿದರೆ ಕೈಮೇಲೆಯೇ ಬೀಳುತ್ತದೆ. ಈ ವಿದ್ಯೆಯಲ್ಲಿ ಕಾಕಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಾದ ಮೇಲೆ ಅವಳು ಡಬ್ಬಿ ಹಿಡಿದು ಸೇಡಂಗೆ ಬಂದಳು. ಮುಚ್ಚಳ ತೆಗೆದರೆ ಅಂಟಿನ ಉಂಡೆ! ಹೆರಿಗೆಯಾದವರಿಗೆ ಮಾಡುವಂಥವು, ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಹುರಿದ ಅಂಟು ಎಲ್ಲವೂ ಒತ್ತೊತ್ತಾಗಿ ಸೇರಿದಂಥವು.

"ಕಾಕಿ, ಇವು ಬಾಣಂತಿಗೆ ಕೊಡೋವು ಅಲ್ಲೇನು?" ಎಂದೆ.

"ಹೊಟ್ಟಿ ಕೊಯ್ಸಿಕೊಂಡೀದಿ, ಹೊಲಿಗಿ ಬಿದ್ದಾವ. ಬಾಣಂತಿಗೂ ನಿನಗೂ ಏನ್ ಫರಕ್ ಅದ? ಹೊಟ್ಟಿ ಸಣ್ಣದು ಮಾಡ್ಯಾರಂತ ಉಂಡಿನೂ ಸಣ್ಣವೇ ಕಟ್ಟೀನಿ. ತಿನ್ನು, ತಾಕತ್ ಬರ್ತದ."

ತರ್ಕದಲ್ಲಿ ಲೋಪವೇ ಇರಲಿಲ್ಲ. ನಿಂಬೆಕಾಯಿಗಿಂತ ಚಿಕ್ಕದಾದ ಒಂದು ಉಂಡೆಯನ್ನು ಕಾಕಿಯ ಕೈಯಿಂದಲೇ ತಿಂದೆ. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಮೈಯೆಲ್ಲ ಬೆವರಿತು, ಕಣ್ಣು ಕತ್ತಲಿಟ್ಟಿತು. ಅಷ್ಟು ಸಿಹಿ, ಅಷ್ಟು ತುಪ್ಪ ಒಮ್ಮೆಲೇ ಇಳಿದರೆ ಈ ಹೊಸ ಹೊಟ್ಟೆ ಹೀಗೇ ಗದ್ದಲವೆಬ್ಬಿಸುತ್ತದೆಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆಂದೂ ಹೇಳಿದ್ದರು. ಹಾಗೆಯೇ ಸರಿಹೋಯಿತು. ಆದರೆ ತಣ್ಣನೆಯ ಫರಸಿಯ ಮೇಲೆ ಬಿದ್ದುಕೊಂಡಿದ್ದ ನನಗೆ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದ ಕಾಕಿ ಸರಿಹೋಗಲಿಲ್ಲ. "ನನ್ನ ಕೈಲಿಂದೇ ವಿಷ ತಿನ್ಸಿದೆನಲ್ಲ ಯವ್ವಾ" ಎಂದು ಅಳತೊಡಗಿದಳು. ನಾನು ಎಷ್ಟು ಹೇಳಿದರೂ ಕೇಳದೆ, ಡಬ್ಬಿ ಮುಚ್ಚಿಕೊಂಡು ಸಂಜೆಯ ಬಸ್ಸಿಗೇ ಹೊರಟುಹೋದಳು.

ಆಮೇಲೆ ಅವಳ ಫೋನಿನ ಮಾತು ಬದಲಾಯಿತು. ಮೊದಲೆಲ್ಲ "ಏನ್ ಉಂಡಿ?" ಎಂದೇ ಶುರುವಾಗುತ್ತಿದ್ದ ಮಾತು ಈಗ "ಆರಾಮ ಇದ್ದೀಯೇನ್?" ಎಂದು ಶುರುವಾಗಿ, ಮಳೆಯ ಸುದ್ದಿ, ತೊಗರಿಯ ಸುದ್ದಿ ಮುಗಿದು, ಇನ್ನೇನು ಕೇಳಬೇಕೆಂದು ತೋಚದೆ ನಿಂತುಬಿಡುತ್ತಿತ್ತು. ಊಟದ ಹೆಸರೆತ್ತಿದರೆ ನನಗೆ ಏನಾದರೂ ಆದೀತೆಂಬ ಭಯ ಅವಳಿಗೆ. ನನಗೆ ಅದಕ್ಕಿಂತ ದೊಡ್ಡ ಭಯ. ಜಠರದ ಜೊತೆಗೆ ಆ ಡಾಕ್ಟರು ನನ್ನ ತವರನ್ನೂ ಕತ್ತರಿಸಿ ತೆಗೆದರೇ? ಉಣಿಸುವುದೊಂದೇ ಪ್ರೀತಿಯ ಭಾಷೆಯಾಗಿದ್ದ ಹೆಂಗಸಿನ ಬಾಯಿಯನ್ನು ನನ್ನ ಈ ಬಾಳೆಕಾಯಿ ಕಟ್ಟಿಬಿಟ್ಟಿತೇ? ತೂಕ ಇಳಿದ ಖುಷಿಯ ನಡುವೆಯೂ ಈ ಯೋಚನೆ ಬಂದಾಗ ನನಗೆ ನಿಜಕ್ಕೂ ದುಃಖವಾಗುತ್ತಿತ್ತು.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಮನೆಗಳಲ್ಲಿ ಯಾರೂ ಉಣ್ಣುವುದಿಲ್ಲ. ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪ್ರತಿವರ್ಷ ವಾರ ಮೊದಲೇ "ಬಾ" ಎಂದು ತಾಕೀತು ಮಾಡುತ್ತಿದ್ದ ಕಾಕಿ ಈ ಸಲ ಸುಮ್ಮನಿದ್ದಳು. ತವರಿಗೆ ಹೋಗಲು ಕರೆ ಯಾಕೆ ಬೇಕು? ಬಸಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಯಜಮಾನರ ಬೈಕಿನ ಹಿಂದೆ ಕೂತು ಕೊಡ್ಲಿಗೆ ಹೊರಟೆ. ಬೈಕು ಈ ಸಲ ನರಳಲಿಲ್ಲವೆಂಬುದನ್ನು ಅವರು ದಾರಿಯಲ್ಲಿ ಮತ್ತೆ ಮತ್ತೆ ಹೇಳಿದರು.

ಹೊಲದಲ್ಲಿ ಕಡಲೆ ಹಸಿರಾಗಿತ್ತು. ಬೇವಿನ ಮರದ ಕೆಳಗೆ ಕಾಕಿ ಪೂಜೆ ಮುಗಿಸಿ ಚರಗದ ತಯಾರಿಯಲ್ಲಿದ್ದಳು. ಹೊಲದ ತುಂಬ ಭೂಮಿಗೆ ಚೆಲ್ಲುವ ಎಡೆಗೆ ಚರಗ ಎನ್ನುತ್ತಾರೆ. ಸೊಪ್ಪು, ಹಸಿಕಾಳುಗಳ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲದರಿಂದಲೂ ಚಿವುಟಿ ಚಿವುಟಿ ಬುಟ್ಟಿಗೆ ಹಾಕುತ್ತಿದ್ದಳು. ಕಾಕಾ ಆ ಬುಟ್ಟಿ ಹಿಡಿದು ಚರಗ ಚೆಲ್ಲುತ್ತ, ರೂಢಿಯ ಕೂಗು ಹಾಕುತ್ತ ಬದುವಿನ ಗುಂಟ ಹೋದರು, ಹಿಂದೆ ನೀರಿನ ತಂಬಿಗೆ ಹಿಡಿದು ನಮ್ಮ ಯಜಮಾನರು. ನನ್ನನ್ನು ಕಂಡ ಕಾಕಿ ತಲೆಯಿಂದ ಕಾಲಿನವರೆಗೆ ನೋಡಿದಳು, "ಬಂದಿ?" ಎಂದಳು, ಅಷ್ಟೇ. ನಾನು ಚೀಲದಿಂದ ಬಸಿ ತೆಗೆದು ಅವಳ ಮುಂದೆ ಇಟ್ಟೆ.

"ಇದೇನಿದು?"

"ನನ್ನ ತಾಟು. ಇದರ ತುಂಬ ಹಾಕು ಕಾಕಿ, ಹಸಿದು ಬಂದೀನಿ."

ಅವಳು ಬಸಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಹೊಲದಾಚೆಯಿಂದ ಕಾಕಾನ ಕೂಗು ಕೇಳಿಸುತ್ತಿತ್ತು. ಅತ್ತ ನೋಡಿದಳು, ಚರಗ ಚಿವುಟಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಅದೇ ಬೆರಳುಗಳಿಂದ ಬಸಿಗೆ ಒಂದಿಷ್ಟು ಭಜ್ಜಿ, ಒಂದು ಚಿಟಿಕೆ ಪುಂಡಿಪಲ್ಯ, ಒಂದು ಚೂರು ರೊಟ್ಟಿ ಇಟ್ಟಳು.

"ಭೂಮಿತಾಯಿಗೂ ಇಷ್ಟಿಷ್ಟೇ ಹಾಕೀನಿ. ಸಾಲಲಿಲ್ಲ ಅಂತ ಆಕಿ ಯಾವತ್ತಾರ ಸಿಟ್ಟು ಮಾಡ್ಯಾಳೇನು?" ಎಂದಳು. ಹೋಳಿಗೆಯ ಮೇಲೆ ಅವಳ ಕೈ ತಡೆದು ನಿಂತಿತು. "ಇದು?"

"ಅದು ಬ್ಯಾಡ, ಕಾಕಿ."

"ಆಯ್ತು."

ಗೆಳೆಯರೇ, ಅರ್ಧ ಹಾಕ್ತೀನಿ ತಡಿ ಎಂಬ ಮಾತು ಅವಳ ತುಟಿಯವರೆಗೆ ಬಂದು ಹಿಂದಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಜೀವಮಾನವಿಡೀ ಅವಳು ನನಗೆ ಬಡಿಸಿದ್ದೆಲ್ಲವನ್ನೂ ಒಂದು ಕಡೆ ಇಟ್ಟರೂ, ಅವಳು ಅಂದು ಬಡಿಸದೆ ಉಳಿಸಿದ ಆ ಅರ್ಧ ಹೋಳಿಗೆ ನನಗೆ ಹೆಚ್ಚು. ಅವಳು ಗಂಗಾಳ ತೆಗೆದು, ಒಂದು ಬದಿಗೆ ತನ್ನ ರೊಟ್ಟಿ ಪಲ್ಯ ಹಾಕಿಕೊಂಡು, ಇನ್ನೊಂದು ಬದಿಗೆ ನನ್ನ ಬಸಿಯನ್ನು ಅದರೊಳಗೇ ಇಟ್ಟಳು. ಎಂದಿನಂತೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ನಾನು ನಿಧಾನವಾಗಿ ಅಗಿದಂತೆ ಅವಳೂ ನಿಧಾನವಾಗಿ ಅಗಿದಳು. ನನ್ನ ಮೂಗಿನ ತುದಿಗೆ ಸೀನು ಬಂದಾಗ ಬಸಿಯಲ್ಲಿ ಇನ್ನೂ ಒಂದು ತುತ್ತು ಉಳಿದಿತ್ತು. ಅದನ್ನು ತೆಗೆದು ತಾನೇ ಬಾಯಿಗೆ ಹಾಕಿಕೊಂಡಳು.

ಹೊರಡುವಾಗ ಬಸಿಯನ್ನು ತೊಳೆದು ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಕಾಕಿ ಕಸಿದುಕೊಂಡಳು. "ಇದು ಇಲ್ಲೇ ಇರಲಿ. ನಿನ್ನ ತಾಟು ನಿನ್ನ ತವರಮನ್ಯಾಗ ಇರಬೇಕು."

ಸೇಡಂನಲ್ಲಿ ನಾನೀಗ ಸ್ಟೀಲಿನ ಒಂದು ಸಣ್ಣ ಬಟ್ಟಲಿನಲ್ಲಿ ಉಣ್ಣುತ್ತೇನೆ. ಕಪ್ಪು ಕಳೆದುಕೊಂಡ ಆ ಬಸಿ ಕೊಡ್ಲಿಯ ಅಡುಗೆಮನೆಯಲ್ಲಿ, ಕಂಚಿನ ಗಂಗಾಳದೊಳಗೆ ಇದೆ. ನಿನ್ನೆ ಕಾಕಿಯ ಫೋನು ಬಂದಿತ್ತು. ಎತ್ತಿದ ಕೂಡಲೇ ಕೇಳಿದಳು: "ಏನ್ ಉಂಡಿ?"