ಕಾಲ್ಬೆರಳಿನ ದಾರ

ಹೋದ ಭಾನುವಾರ ಮಧ್ಯಾಹ್ನ ನಾನು ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನಿಮ್ಮಲ್ಲಿ ಚಿಕ್ಕವಳು ನನ್ನ ತಗಡಿನ ಪೆಟ್ಟಿಗೆಯಿಂದ ದಾರದ ಉಂಡೆ ತೆಗೆದು, ಒಂದು ತುದಿಯನ್ನು ನನ್ನ ಕಾಲ್ಬೆರಳಿಗೆ ಕಟ್ಟಿ, ಉಂಡೆ ಹಿಡಿದುಕೊಂಡು ಒಳಕೋಣೆಗೆ ಓಡಿದಳು. ಅಲ್ಲಿಂದ ಮೂರು ಸಲ ಎಳೆದಳು. ನಾನು ಎದ್ದು ಹೋಗಿ ಅವಳ ಕೆನ್ನೆಗೆ ಹೊಡೆದೆ. ಅದುವರೆಗೆ ನಿಮ್ಮಲ್ಲಿ ಯಾರ ಮೇಲೂ ನಾನು ಕೈ ಎತ್ತಿರಲಿಲ್ಲ. ನಿಮ್ಮ ಅಮ್ಮ "ಒಂದು ದಾರಕ್ಕೆ ಮಗೂನ ಹೊಡೀತೀಯೇನಮ್ಮ?" ಅಂದಳು. ಎದುರಿಗೆ ನಿಂತು ಹೇಳಲು ನನಗೆ ಯಾವತ್ತೂ ಬಾಯಿ ಬಂದಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲಿ ಮೊಮ್ಮಕ್ಕಳಾದ ನಿಮಗೆ ಬರೆದಿಡುತ್ತೇನೆ.

ನಿಮ್ಮ ತಾತ ಹತ್ತಿ ಹಿಂಜುವವರು. ಅವರ ಅಪ್ಪನದೂ ಅದೇ ಕೆಲಸ. ಅಣ್ಣತಮ್ಮಂದಿರು ಪಾಲಾದಾಗ ಕಡೂರಿನ ಮನೆ ಉಳಿದ ಇಬ್ಬರಿಗೆ ಹೋಯಿತು. ತಾತನ ಪಾಲಿಗೆ ಬಂದದ್ದು ಹಿಂಜುವ ಮಿಷನ್ನು ಕೂರಿಸಿದ್ದ ಹಳೇ ಟೆಂಪೋ. "ಮನೆ ಅಂದ್ರೆ ಒಂದೇ ಕಡೆ ನಿಂತಿರುತ್ತೆ, ನಮ್ಮದು ಊರೆಲ್ಲಾ ಸುತ್ತುತ್ತೆ" ಅಂತ ಅವರು ನಗುತ್ತಾ ಒಪ್ಪಿಕೊಂಡು ಬಂದರು. ನಿಮ್ಮ ಅಮ್ಮನ ಮದುವೆ ಆಗಿಹೋಗಿತ್ತು. ನಾವಿಬ್ಬರು ಆ ಗಾಡಿಯಲ್ಲೇ ಸಂಸಾರ ಹೂಡಿದೆವು. ಹಿಂದುಗಡೆ ಮಿಷನ್ನು ಮತ್ತು ಹತ್ತಿ ಮೂಟೆ. ಅದರ ಪಕ್ಕ ಒಬ್ಬರು ಮಲಗುವಷ್ಟು ಹಲಗೆ, ಕೆಳಗೆ ಸ್ಟೌವು, ನೀರಿನ ಕ್ಯಾನು, ಎರಡು ಪಾತ್ರೆ. ಇನ್ನೊಬ್ಬರು ಮುಂದೆ ಡ್ರೈವರ್ ಸೀಟಿನ ಉದ್ದಕ್ಕೆ ಕಾಲು ಮಡಿಸಿ ಮಲಗಬೇಕು. ಸ್ನಾನಕ್ಕೆ ಪೆಟ್ರೋಲ್ ಬಂಕಿನ ನಲ್ಲಿ, ಇಲ್ಲವಾದರೆ ತರೀಕೆರೆಯಲ್ಲಿ ಮಸೀದಿ ಹಿಂದಿನ ಮನೆಯವರ ಬಚ್ಚಲು. ಸಿಂಗಟಗೆರೆಯಿಂದ ಲಕ್ಕವಳ್ಳಿಯ ಡ್ಯಾಮ್ ಕಾಲೋನಿವರೆಗೆ ನಮ್ಮ ಗಾಡಿ ಸುತ್ತದ ಬೀದಿ ಇರಲಿಲ್ಲ.

ಗಾಡಿಯ ಮೇಲೆ ಒಂದು ಮೈಕು. ತಾತ ತಮ್ಮ ಗಂಟಲನ್ನೇ ಅದಕ್ಕೆ ರೆಕಾರ್ಡು ಮಾಡಿಸಿದ್ದರು. "ಹಾಸಿಗೆ, ದಿಂಬು, ಹಳೇ ಹತ್ತಿ ಹಿಂಜಿ ಹೊಸಾದು ಮಾಡ್ಕೊಡ್ತೀವಿ, ಮನೆ ಮುಂದೇನೇ ಹೊಲೀತೀವಿ, ಬನ್ರಮ್ಮೋ ಬನ್ನಿ!" ಆ ಗಂಟಲು ಎರಡು ಬೀದಿ ಆಚೆಗೂ ಕೇಳುತ್ತಿತ್ತು.

ಆಮೇಲೆ ಕೆಮ್ಮು ಬಂತು. ಮೊದಲು ಬೆಳಿಗ್ಗೆ ಮಾತ್ರ ಇದ್ದದ್ದು ದಿನವಿಡೀ ಆಯಿತು. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ. ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ತೆಗೆಸಿ, "ಟಿ.ಬಿ. ಅಲ್ಲ, ಅಂಟು ರೋಗ ಅಲ್ಲ. ಇಷ್ಟು ವರ್ಷ ಹತ್ತಿ ಧೂಳು ಎದೆಯಲ್ಲಿ ಕೂತಿದೆ. ವಾಸಿ ಆಗಲ್ಲ, ಕಡಿಮೆ ಮಾಡ್ಬೋದು. ಹತ್ತಿ ಬಿಟ್ಟುಬಿಡಿ" ಅಂದರು.

ತಾತ ಕೇಳಿದರು: "ಹತ್ತಿ ಬಿಟ್ರೆ ಮಲಗೋದೆಲ್ಲಿ ಸಾರ್? ನಮ್ ಮನೇನೇ ಹತ್ತಿ ಗಾಡಿ."

ಡಾಕ್ಟರು ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟರು. ಜೋರಾದಾಗ ಹಿಡಿಯಲು ಹಬೆಯ ಮಿಷನ್ನೂ ಕೊಟ್ಟರು. ಅದನ್ನು ಗಾಡಿಯ ಬ್ಯಾಟರಿಗೆ ಸಿಕ್ಕಿಸಿ, ಔಷಧಿ ಒಡೆದು ಹಾಕಿ, ಮೂಗು ಬಾಯಿಗೆ ಮುಚ್ಚಬೇಕು. ಉಬ್ಬಸ ಹೆಚ್ಚಾದಾಗ ತಾತನ ಕೈ ನಡುಗುತ್ತಿತ್ತು. ಅದಕ್ಕೆ ನಾನೇ ಬೇಕಿತ್ತು.

ಸಿಂಗಟಗೆರೆಯಲ್ಲಿ ಒಬ್ಬ ಹೆಂಗಸಿನ ಹಾಸಿಗೆ ಬಿಚ್ಚಿ ಅರ್ಧ ಹಿಂಜಿದ್ದೆವು. ತಾತ ಮಿಷನ್ನಿನ ಮೇಲೆ ಬಗ್ಗಿ ಕೆಮ್ಮಿದರು. ಬಿಡದೆ ಕೆಮ್ಮಿದರು. ಅವಳು ಬಂದು ನನ್ನ ಕೈಯಿಂದ ಹತ್ತಿ ಕಿತ್ತುಕೊಂಡು ಮೂಟೆಗೆ ತುರುಕತೊಡಗಿದಳು.

"ನಿಲ್ಸು ಬೂವಮ್ಮ. ಇದ್ರ ಮೇಲೆ ನಮ್ ಮಕ್ಳು ಮಲಗ್ಬೇಕು."

"ಅಂಟೋದಲ್ಲ ಕಣಕ್ಕ, ಡಾಕ್ಟ್ರು ಹೇಳವ್ರೆ, ಚೀಟಿ ಐತೆ" ಅಂದೆ.

"ಚೀಟಿ ನೀನೇ ಇಟ್ಕೊ. ಆವಯ್ಯ ಎಂಜಲು ಉಗುಳಿರೋ ಹತ್ತೀನ ಸುಡೋದೋ ಹೂಳೋದೋ, ಈಗ ಅದ್ಕೂ ನಂಗೆ ಕೆಲಸ."

ನಾವು ಗಾಡಿ ತಿರುಗಿಸುವುದಕ್ಕೆ ಮುಂಚೆ ಅವಳ ಫೋನು ಪಕ್ಕದ ಊರು ಮುಟ್ಟಿತ್ತು. ಅಲ್ಲಿ ಮೈಕು ಕೂಗಿದರೂ ಒಂದು ಬಾಗಿಲೂ ತೆರೆಯಲಿಲ್ಲ. ಅದರ ಮುಂದಿನ ಊರಿನಲ್ಲೂ ಅಷ್ಟೆ. ಹದಿನೈದು ದಿನ ಮಿಷನ್ನು ಓಡಲಿಲ್ಲ. ಆಗ ನನಗೆ ಒಂದು ತಿಳಿಯಿತು. ತಾತನ ಕೆಮ್ಮು ಬೀದಿಗೆ ಕೇಳಿಸಿದರೆ ನಮಗೆ ಬೀದಿ ಇರುವುದಿಲ್ಲ. ಬೀದಿ ಹೋದರೆ ಮನೆಯೂ ಹೋಯಿತು.

ನಾವು ಆ ಕಡೆ ಹೋಗುವುದನ್ನೇ ಬಿಟ್ಟು ಅಜ್ಜಂಪುರದ ದಿಕ್ಕು ಹಿಡಿದೆವು. ಅವತ್ತಿನಿಂದ ನಾನು ಅವರನ್ನು ಬಚ್ಚಿಟ್ಟೆ.

ಊರಿಂದೂರಿಗೆ ಗಾಡಿ ಅವರೇ ಓಡಿಸುತ್ತಿದ್ದರು. ಕೂತು ಮಾಡುವ ಕೆಲಸ ಅವರಿಗೆ ಆಗುತ್ತಿತ್ತು. ಬೀದಿಯಲ್ಲಿ ನಿಂತ ಮೇಲೆ ನಾನು ಗಾಜು ಏರಿಸಿ, ಟವೆಲ್ಲು ಅಡ್ಡ ಕಟ್ಟಿ, ಅವರನ್ನು ಸೀಟಿನ ಮೇಲೆ ಮಲಗಿಸುತ್ತಿದ್ದೆ. ಧೂಳು ತಾಗದಿರಲಿ ಅಂತ ಹಾಗೆ ಮಾಡ್ತೀನಿ ಅನ್ನುತ್ತಿದ್ದೆ. ಅದು ಅರ್ಧ ನಿಜ. ಅವರಿಗೆ ಕಟ್ಟುನಿಟ್ಟು ಮಾಡಿದ್ದೆ: "ಮಿಷನ್ ಓಡುವಾಗ ಎಷ್ಟು ಬೇಕಾದ್ರೂ ಕೆಮ್ಮಿಕೊಳ್ಳಿ. ನಿಂತ ಮೇಲೆ ನಾನು ಹೊಲಿಯೋಕೆ ಕೂರ್ತೀನಿ, ಹೆಂಗಸರು ಸುತ್ತ ಇರ್ತಾರೆ. ಆಗ ಉಸಿರು ಕೇಳಿಸಬಾರದು." ತಾತ ಹೇಳಿದ ಹಾಗೆ ಕೇಳಿದರು. ಮಿಷನ್ನು ಓಡುವಾಗ ಕೆಮ್ಮಿ ಕೆಮ್ಮಿ ಖಾಲಿ ಮಾಡಿಕೊಳ್ಳುತ್ತಿದ್ದರು. ನಿಂತ ಮೇಲೂ ಬಂದರೆ ಮಡಿಸಿದ ಕರ್ಚೀಫನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲಿ ಆ ಕ್ಯಾಬಿನ್ನು ಹೇಗೆ ಕಾದಿರುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಬಾಗಿಲು ತೆಗೆದಾಗ ಬರುತ್ತಿದ್ದ ಝಳ ನನ್ನ ಮುಖಕ್ಕೇ ಹೊಡೆಯುತ್ತಿತ್ತಲ್ಲ.

ಅವರನ್ನು ಗಮನಿಸಿಕೊಳ್ಳುವುದು ಹೇಗೆ? ಅದಕ್ಕೆ ಈ ದಾರ. ಹಾಸಿಗೆ ಹೊಲಿಯುವ ಗಟ್ಟಿ ದಾರ, ಮೇಣ ಸವರಿದ್ದು. ಒಂದು ತುದಿ ಅವರ ಬೆರಳಿಗೆ. ಅಲ್ಲಿಂದ ಬಾಗಿಲಿನ ಕೆಳಗಿನ ಸಂದಿನಲ್ಲಿ ಇಳಿದು ನನ್ನ ಕಾಲ್ಬೆರಳಿಗೆ. ನಾನು ಗಾಡಿಯ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದೆ. ಒಂದು ಸಲ ಎಳೆದರೆ ನೀರು. ಎರಡು ಸಲ ಎಳೆದರೆ ಹಬೆ. ಮೂರು ಸಲ ಎಳೆದರೆ ಇದ್ದದ್ದನ್ನು ಬಿಟ್ಟು ಓಡಿ ಬರಬೇಕು. ಈ ಉಪಾಯ ತಾತನದೇ. "ಹಸು ಕಟ್ಟಿದಂಗೆ ಕಟ್ಟಿದೀನಿ ನೋಡು ನಿನ್ನ" ಅಂತ ನಕ್ಕಿದ್ದರು.

ಹೆಂಗಸರು ಕೇಳುತ್ತಿದ್ದರು. ಒಂದು ದಿನ ತರೀಕೆರೆಯಲ್ಲಿ ಒಬ್ಬ ಅಜ್ಜಿ ಕ್ಯಾಬಿನ್ನಿನ ಟವೆಲ್ಲು ನೋಡಿ, "ನೀನು ಬಿಸಿಲಲ್ಲಿ ಬೇಯ್ತಿದೀಯ, ನಿನ್ ಯಜಮಾನ ಒಳಗೆ ಬಿದ್ಕೊಂಡವ್ನೆ. ಕುಡಿದವ್ನೇನೇ?" ಅಂದಳು.

ನಾನು "ಹೂಂ" ಅಂದೆ.

ನಿಮ್ಮ ತಾತ ಹುಟ್ಟಿದ ಮೇಲೆ ಒಂದು ತೊಟ್ಟು ಮುಟ್ಟಿದವರಲ್ಲ. ಆ ಅಜ್ಜಿ ಕ್ಯಾಬಿನ್ನಿನ ಬಾಗಿಲಿಗೆ ಕೋಲಿನಿಂದ ಬಡಿದು, "ಲೇ ಮೂದೇವಿ, ಹೆಂಡ್ತಿ ದುಡಿದದ್ರಲ್ಲಿ ಕುಡೀತೀಯಲ್ಲೋ, ನಾಚ್ಕೆ ಆಗಲ್ವೇನೋ?" ಅಂತ ಬೈದಳು. ಒಳಗಿನಿಂದ ಸದ್ದೇ ಇಲ್ಲ. ಸಂಜೆ ಬಾಗಿಲು ತೆಗೆದಾಗ ತಾತ ಹೇಳಿದರು, "ಒಳ್ಳೇದಾಯ್ತು ಬಿಡು. ಕುಡುಕನ ಹೆಂಡ್ತಿಗೆ ಹಾಸಿಗೆ ಕೊಡ್ತಾರೆ. ಕೆಮ್ಮೋನ ಹೆಂಡ್ತಿಗೆ ಕೊಡಲ್ಲ." ಮಾರನೇ ದಿನ ಜನ ನೋಡುತ್ತಿದ್ದಾಗ ಅವರು ಬೇಕೆಂದೇ ತೂರಾಡಿಕೊಂಡು ಇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲ ಬೀದಿಯಲ್ಲೂ ಅವರು ಕುಡುಕ. ಕನಿಕರಕ್ಕೆ ನನಗೆ ಕೆಲಸ ಹೆಚ್ಚೇ ಸಿಕ್ಕಿತು.

ಈಗ ಆ ದಿನದ ವಿಷಯ. ಇದು ನಿಮ್ಮ ಅಮ್ಮನಿಗೂ ಗೊತ್ತಿಲ್ಲ.

ಅಜ್ಜಂಪುರದಲ್ಲಿ ಒಂದು ಮದುವೆ ಹಾಸಿಗೆ. ಬೂರುಗದ ಹೊಸ ಹತ್ತಿ, ಕೆಂಪು ಹೂವಿನ ಬಟ್ಟೆ. ಮದುಮಗಳ ತಾಯಿ ಮೊದಲ ಹಿಡಿ ಹತ್ತಿಗೆ ಅರಿಸಿನ ಕುಂಕುಮ ಹಚ್ಚಿ ಕೊಟ್ಟಳು. ಸುತ್ತ ಆರೇಳು ಹೆಂಗಸರು. ಹೊಸ ಹತ್ತಿಯಾದ್ದರಿಂದ ಮಿಷನ್ನು ಹೆಚ್ಚು ಹೊತ್ತು ಓಡಲಿಲ್ಲ. ತಾತನಿಗೆ ಕೆಮ್ಮಿಕೊಳ್ಳಲು ಸಿಕ್ಕ ಹೊತ್ತು ಸ್ವಲ್ಪವೇ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ನಮ್ಮ ಅತ್ತೆ ನನಗೆ ಕಲಿಸಿದ್ದು. ಮದುವೆ ಹಾಸಿಗೆಯ ಅಂಚಿಗೆ ದಬ್ಬಳ ಹಾಕಿದರೆ ನಾಲ್ಕೂ ಮೂಲೆ ಸುತ್ತಿ ಬರುವವರೆಗೆ ಏಳಬಾರದು, ದಾರ ಕಡಿಯಬಾರದು. ನಡುವೆ ಎದ್ದರೆ ಆ ಜೋಡಿ ಬಾಳುವುದಿಲ್ಲ ಅನ್ನುತ್ತಾರೆ. ಅಲ್ಲಿದ್ದ ಹೆಂಗಸರಿಗೂ ಇದು ಗೊತ್ತು. ಅದನ್ನು ನೋಡುವುದಕ್ಕೇ ಕೂತಿದ್ದರು.

ಎರಡನೇ ಮೂಲೆ ತಿರುಗಿದ್ದೆ. ಕಾಲ್ಬೆರಳು ಎಳೆಯಿತು. ಎರಡು ಸಲ. ಹಬೆ ಬೇಕು.

ಸ್ವಲ್ಪ ತಡೆದುಕೊಳ್ಳಲಿ ಅಂದುಕೊಂಡೆ. ಬೇಗ ಬೇಗ ಹೊಲಿದೆ. ಮೂರನೇ ಮೂಲೆಗೆ ಬರುವ ಮೊದಲು ಮತ್ತೆ ಎಳೆಯಿತು. ಮೂರು ಸಲ.

"ಅದೇನೇ ನಿನ್ ಕಾಲತ್ರ ದಾರ ಕುಣೀತೈತೆ?" ಅಂದಳು ಒಬ್ಬಳು.

"ಗಾಳಿಗೆ ಕಣಕ್ಕ" ಅಂದೆ. ಅಂದು, ಹಿಮ್ಮಡಿಯನ್ನು ದಾರದ ಮೇಲೆ ಇಟ್ಟು ಒತ್ತಿ ಹಿಡಿದೆ.

ಹಿಮ್ಮಡಿ ಕೆಳಗೆ ಅದು ಮಿಸುಕುತ್ತಿತ್ತು. ನನಗೆ ತಿಳಿಯುತ್ತಿತ್ತು. ಮದುಮಗಳ ತಾಯಿ ಅಳಿಯನ ಮನೆಯವರ ವಿಷಯ ಹೇಳುತ್ತಿದ್ದಳು, ನಾನು ಹೌದಾ ಹೌದಾ ಅನ್ನುತ್ತಿದ್ದೆ. ನಾಲ್ಕನೇ ಮೂಲೆಗೆ ಬಂದಾಗ ದಾರ ಮಿಸುಕುವುದು ನಿಂತಿತು. ಆಗಲಾದರೂ ಎದ್ದೆನೇ? ಇಲ್ಲ. ಗಂಟು ಹಾಕಿದೆ. ಹಲ್ಲಿನಲ್ಲಿ ದಾರ ಕಡಿದೆ. ಹೆಂಗಸರು ಹಾಸಿಗೆ ಎತ್ತಿಕೊಂಡು, "ಈ ಬದಿ ಗಂಡಿಗೆ, ಈ ಬದಿ ಹೆಣ್ಣಿಗೆ" ಅಂತ ಮದುಮಗಳನ್ನು ಅಣಕಿಸುತ್ತಾ ಒಳಗೆ ಹೋದರು. ಕೊನೆಯವಳು ಹೊಸಿಲು ದಾಟಿದ ಮೇಲೆ ನಾನು ಬಾಗಿಲು ತೆಗೆದೆ.

ತಾತ ಸೀಟಿನಿಂದ ಕೆಳಕ್ಕೆ ಜಾರಿ ಸಿಕ್ಕಿಕೊಂಡಿದ್ದರು. ತುಟಿ ನೇರಳೆ. ಪಂಚೆ ಒದ್ದೆಯಾಗಿತ್ತು. ಕರ್ಚೀಫು ಬಾಯಲ್ಲೇ ಇತ್ತು. ಅಷ್ಟರಲ್ಲೂ ಅದನ್ನು ತೆಗೆದಿರಲಿಲ್ಲ.

ಉಸಿರು ಇತ್ತು. ಕುಡಿದದ್ದು ಜಾಸ್ತಿಯಾಯ್ತು ಅಂತ ಬೀದಿಯವರಿಗೆ ಹೇಳಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಎಂಟು ದಿನ ಆಕ್ಸಿಜನ್ನಿನ ಮೇಲಿದ್ದರು. "ಇನ್ನು ಅರ್ಧ ಗಂಟೆ ಮುಂಚೆ ಬರೋಕಾಗ್ಲಿಲ್ವಾ?" ಅಂತ ನರ್ಸಮ್ಮ ಕೇಳಿದರು. ಗಾಡಿ ಸಿಗಲಿಲ್ಲ ಅಂದೆ. ಗಾಡಿಯಲ್ಲೇ ಬದುಕುವವಳು ನಾನು.

ಮೂರನೇ ದಿನ ಮುಖದ ಮೇಲಿನ ಮಾಸ್ಕು ಸ್ವಲ್ಪ ಸರಿಸಿದಾಗ ತಾತ ಮೊದಲು ಕೇಳಿದ್ದು ಇದು: "ಅಂಚು ಮುಗೀತಾ?"

"ಮುಗೀತು."

"ದಾರ ಕಡೀಲಿಲ್ಲ ತಾನೇ?"

"ಇಲ್ಲ."

"ಸರಿ ಹೋಯ್ತು" ಅಂದು ಆ ಕಡೆ ತಿರುಗಿದರು.

ಗಾಡಿಗೆ ವಾಪಸು ಬಂದ ದಿನ ಅವರು ಬಾಗಿಲ ಸಂದಿನಿಂದ ದಾರ ಎಳೆದುಕೊಂಡು, ಸಿಕ್ಕು ಬಿಡಿಸಿ, ಉಂಡೆ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದರು. ಕಟ್ಟಿಕೊಳ್ಳಿ ಅಂತ ಕೇಳಿಕೊಂಡೆ. "ಯಾಕೆ, ನಿಂಗೆ ಕೆಲಸ ಇರುತ್ತೆ" ಅಂದರು. ಕಾಲು ಹಿಡಿದೆ. ಕಾಲು ಮಡಿಸಿಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ.

ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಮೇಲೆ ಬದುಕಿದರು. ದಾರ ಇಲ್ಲದ್ದರಿಂದ ನಾನೇ ಗಳಿಗೆ ಗಳಿಗೆಗೂ ದಬ್ಬಳ ಬಿಟ್ಟು ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದೆ. ಹೊಲಿಗೆ ಸೊಟ್ಟಗಾಗುತ್ತಿತ್ತು, ಜನ ಬಯ್ಯುತ್ತಿದ್ದರು. ಪ್ರತಿ ಸಲವೂ ತಾತ ಕಣ್ಣು ತೆರೆದು ಒಂದೇ ಮಾತು ಹೇಳುತ್ತಿದ್ದರು.

"ಯಾರು ಕರೆದ್ರು ನಿನ್ನ?"

ಉಬ್ಬಸದಲ್ಲಿ ಎದೆಗೂಡು ಹಾರುತ್ತಿದ್ದರೂ ಅದನ್ನೇ ಕೇಳುತ್ತಿದ್ದರು. ನಾನು ಹಬೆ ಹಿಡಿದರೆ ಬೇಡ ಅನ್ನುತ್ತಿರಲಿಲ್ಲ. ಕೊಡು ಅಂತ ಮಾತ್ರ ಒಂದು ಸಲವೂ ಕೇಳಲಿಲ್ಲ. ಅವರು ಒಳ್ಳೆಯವರು ಅಂತ ನಿಮ್ಮ ಅಮ್ಮ ಹೇಳುತ್ತಾಳೆ. ಅದು ನಿಜ. ಆ ಒಂದು ವರ್ಷ ಅವರು ನನಗೆ ಮಾಡಿದ್ದೂ ನಿಜ.

ಕೊನೇ ದಿನ ಲಕ್ಕವಳ್ಳಿಯಲ್ಲಿ ಚಾನಲ್ ಪಕ್ಕ ಗಾಡಿ ನಿಂತಿತ್ತು. ಬೆಳಿಗ್ಗೆ ಹತ್ತರ ಹೊತ್ತು. ಒಂದು ಸಲ ಹೋಗಿ ನೋಡಿದೆ. "ಯಾರು ಕರೆದ್ರು ನಿನ್ನ?" ಅಂದರು. ಬಂದು ಎರಡು ದಿಂಬು ತುಂಬಿದೆ. ಮತ್ತೆ ಹೋದೆ. ಏನೂ ಕೇಳಲಿಲ್ಲ.

ಆಮೇಲೆ ದೂರದ ನೆಂಟರ ಕೈಲಿ ಓಡಿಸಿಕೊಂಡು ಸ್ವಲ್ಪ ದಿನ ನಾನೇ ಗಾಡಿ ನಡೆಸಿದೆ. ಮೈಕಿನಲ್ಲಿ ತಾತನ ಗಂಟಲೇ ಕೂಗುತ್ತಿತ್ತು. ಅಜ್ಜಂಪುರದ ಆ ಬೀದಿಗೆ ಹೋದಾಗ ಮದುಮಗಳ ತಾಯಿ ಮೊಮ್ಮಗುವಿನ ಪುಟ್ಟ ಹಾಸಿಗೆ ಹೊಲಿಸಲು ಬಂದಳು. ಜೋಡಿ ಚೆನ್ನಾಗಿತ್ತು.

"ನಿನ್ ಕುಡುಕ ಎಲ್ಲೇ? ಗಂಟಲು ಮಾತ್ರ ಇನ್ನೂ ಕಂಚು ಕಂಚು ಕಣೇ!"

"ಮಲಗವ್ರೆ" ಅಂದೆ. ಅಲ್ಲಿಯವರೆಗೂ ಅವರ ಕೆಮ್ಮಿನ ವಿಷಯ ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನಾನು ಕಾಪಾಡಬೇಕು ಅಂದುಕೊಂಡಿದ್ದನ್ನು ಪೂರ್ತಿಯಾಗಿ ಕಾಪಾಡಿದೆ.

ಆ ತಿಂಗಳೇ ಗಾಡಿ ಮಾರಿ, ಡಬ್ಬಿಯಲ್ಲಿದ್ದ ಉಂಡೆ ತೆಗೆದುಕೊಂಡು ನಿಮ್ಮ ಮನೆಗೆ ಬಂದೆ.

ಪುಟ್ಟೀ, ಆ ದಾರ ನೀನು ತೆಗೆದದ್ದು ತಪ್ಪಲ್ಲ. ಎಳೆದದ್ದೂ ತಪ್ಪಲ್ಲ. ನೀನು ಮೊದಲ ಸಲ ಎಳೆದಾಗ ನಾನು ಅವರೆಕಾಯಿ ಸುಲಿಯುತ್ತಲೇ ಇದ್ದೆ. ಎರಡನೇ ಸಲಕ್ಕೆ ಕಾಲು ನೋಡಿಕೊಂಡೆ. ಮೂರನೇ ಸಲ ಎಳೆಯುವಷ್ಟರಲ್ಲಿ ನನ್ನ ಹಿಮ್ಮಡಿ, ನಾನು ಹೇಳದೇ, ದಾರದ ಮೇಲೆ ಹೋಗಿ ಕೂತಿತ್ತು. ನಾನು ಹೊಡೆದದ್ದು ಆ ಹಿಮ್ಮಡಿಗೆ. ಕೈಗೆ ಸಿಕ್ಕಿದವಳು ನೀನು.