ಏಳುವಾಗ ಹಿಡಿದ ಹೆಗಲು

‘ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೀರಾ?’ ಸೊಂಟದ ನೋವಿಗೆಂದು ಹೋದಾಗ ಚಾಮರಾಜನಗರದ ಮೂಳೆ ವೈದ್ಯರು ಕೇಳಿದರು.

‘ಇಲ್ಲ’ ಎಂದೆ. ಊಟಕ್ಕೆ ಮೇಜಿದೆ, ಕಾಲೇಜಿನಲ್ಲಿ ನಿಂತೇ ಪಾಠ ಮಾಡುತ್ತೇನೆ.

ಪಕ್ಕದಲ್ಲಿ ಕೂತಿದ್ದ ಅವ್ವ ನನ್ನ ಮುಖ ನೋಡಿದಳು. ‘ಸುಳ್ಳು ಯೋಳ್ತಾವ್ನೆ ಡಾಕ್ಟ್ರೆ. ದಿನಾ ಬೆಳಗ್ಗೆ ನನ್ ಪಕ್ಕ ಲಿಂಗಪೂಜೆಗೆ ಕೂತ್ಕತಾನೆ. ಏಳು ಅನ್ನೋಗಂಟ ಏಳಲ್ಲ.’

ನಾನು ಸುಳ್ಳು ಹೇಳಿರಲಿಲ್ಲ. ಅದು ನೆನಪಿಗೇ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಕೂರುವುದನ್ನು ನೋಡಲಾಗದೆ ಜೊತೆಗೆ ಕೂರತೊಡಗಿದ್ದೆ. ನಂಬಿಕೆಯಿಲ್ಲದೆ ಮಾಡಿದ್ದನ್ನು ನನ್ನ ತಲೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಸೊಂಟ ಅದನ್ನು ಬಿಟ್ಟಿರಲಿಲ್ಲ.

ವೈದ್ಯರು ಎಕ್ಸ್‌ರೇ ತೋರಿಸಿದರು. ತೊಡೆಮೂಳೆಯ ಗುಂಡಿನ ಬುಡದಲ್ಲಿ ಸಣ್ಣ ಉಬ್ಬಿದೆ, ಕಾಲು ಪೂರ್ತಿ ಮಡಿಸಿದಾಗ ಅದು ಕೀಲಿನ ಬಟ್ಟಲಿನ ಅಂಚಿಗೆ ತಾಗುತ್ತದೆ ಎಂದರು. ಇದಕ್ಕೆ ಇಂಪಿಂಜ್‌ಮೆಂಟ್ ಎನ್ನುತ್ತಾರಂತೆ. ಮೊದಲು ನೆಲದ ಮೇಲೆ ಕೂರುವುದನ್ನು ಬಿಟ್ಟು, ಕೆಲವು ತಿಂಗಳು ಫಿಸಿಯೋಥೆರಪಿ. ನೋವು ಹೆಚ್ಚಾದರೆ ಮಾತ್ರ ಮಾತ್ರೆ. ಇದ್ಯಾವುದಕ್ಕೂ ಬಗ್ಗದಿದ್ದರೆ ಮೈಸೂರಿನಲ್ಲಿ ಸಣ್ಣ ರಂಧ್ರ ಮಾಡಿ, ಉಬ್ಬನ್ನು ಕೆತ್ತುವ ಆಪರೇಷನ್. ಆದರೆ ನನ್ನ ಬೆನ್ನಿನಲ್ಲೂ ತೊಂದರೆ ಇದ್ದುದರಿಂದ, ನೋವು ಕೀಲಿನದೇ ಎಂಬುದು ಮೊದಲು ಗೊತ್ತಾಗಬೇಕಿತ್ತು. ಅದಕ್ಕೆ ಕೀಲಿನೊಳಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಾರೆ. ನೋವು ಹೋದರೆ ಅದು ಕೀಲಿನದೇ ಇರಬೇಕು.

‘ಮದ್ದಿನ ಪ್ರಭಾವ ಇಳಿಯುವ ಮೊದಲು, ದಿನವೂ ನೋವು ಬರುವ ಹಾಗೆ ಒಮ್ಮೆ ಕೂತು ನೋಡಿ’ ಎಂದರು. ‘ನೀವು ಹೇಳುವುದರ ಮೇಲೆ ಮುಂದಿನದು.’

ನಾನು ಹೇಳುವುದರ ಮೇಲೆ! ದಿನವೂ ಕೂರುವುದನ್ನೇ ಮರೆತವನು ಸಾಕ್ಷಿ. ತಪ್ಪು ಹೇಳಿ ಸುಮ್ಮನೆ ಕೊಯ್ಸಿಕೊಂಡರೆ? ಹೆದರಿಕೆಯಲ್ಲಿ ನೋವು ಹೋಗಲೇ ಇಲ್ಲವೆಂದು ಹೇಳಿ ಕೀಲು ಸವೆಸಿಕೊಂಡರೆ?

ಇಂಜೆಕ್ಷನ್ ಆದ ಮೇಲೆ ಗುಂಡ್ಲುಪೇಟೆಗೆ ಕಾರಿನಲ್ಲಿ ಹೊರಟೆವು. ತೆರಕಣಾಂಬಿ ದಾಟುವವರೆಗೂ ಬೆಳಗಿನ ನೋವು ಹೇಗಿತ್ತೆಂದು ನೆನೆಯಲು ಹೆಣಗಿದೆ. ತೊಡೆಸಂದಿಯಲ್ಲಿ ಚುಚ್ಚಿತ್ತೋ, ಬೆನ್ನಿನಿಂದ ಇಳಿದಿತ್ತೋ? ನೆನೆದಷ್ಟೂ ಬೇರೆಯಾಗುತ್ತಿತ್ತು. ಸೀಟಿನಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಕಾಲು ಸರಿಸಿ ನೋಡಿದೆ.

‘ಯಾಕ್ಲಾ ಅಂಗೆ ಮಿಸುಕಾಡ್ತೀಯ? ಪರೀಕ್ಷೆ ಬರೆಯೋಕ್ ಓಗೋನಂಗೆ’ ಎಂದಳು ಅವ್ವ.

ಮನೆಯಲ್ಲಿ ಸಂಜೆಯ ಪೂಜೆಗೆ ಅವಳು ಮಣೆ ಹಾಕಿದಳು. ಕಾಲು ಮಡಿಸಿ ಕೂತೆ. ಕಾದೆ. ಏನೂ ಇಲ್ಲ. ಅವ್ವ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ವಿಭೂತಿ ಹಚ್ಚುತ್ತಿದ್ದಳು. ನಾನು ನೋವಿಗಾಗಿ ಕಿವಿಗೊಟ್ಟವನಂತೆ ಕೂತೇ ಇದ್ದೆ.

ಎದ್ದಾಗ ಅವ್ವ ನಕ್ಕಳು. ‘ವಾಸಿ ಆಯ್ತಲ್ಲ. ಸುಮ್ನೆ ಎದುರ್ಕತಿದ್ದೆ.’

ವಾಸಿಯಾಗಿರಲಿಲ್ಲ, ಮದ್ದು ಮರಗಟ್ಟಿಸಿತ್ತು. ನೋವಿಲ್ಲವೆಂದರೆ ರೋಗ ಕೀಲಿನದೇ, ಆಪರೇಷನ್ ಹತ್ತಿರ ಬಂತು. ಅಥವಾ ಬೆಳಗ್ಗೆಯೂ ನೋವೇ ಇರಲಿಲ್ಲವೇ?

‘ಅವ್ವ, ಬೆಳಗ್ಗೆ ಏಳುವಾಗ ನಾನು ನೋವು ಅಂದೆನಾ?’

‘ಬಾಯ್ಬುಟ್ ಎಲ್ ಅಂತೀಯ? ನನ್ ಹೆಗಲ ಹಿಡ್ಕಂಡ್ ಎದ್ದೆ. ಮಾಗಿಯಿಂದ್ಲೂ ಅಂಗೇಯ. ಈಗ ಹಿಡೀಲಿಲ್ಲ ಕಣ್ಲಾ.’

ಅವಳ ಹೆಗಲು ಹಿಡಿದ ಒಂದೇ ಒಂದು ಬೆಳಗೂ ನನಗೆ ನೆನಪಿಲ್ಲ. ವೈದ್ಯರಿಗೆ ಫೋನ್ ಮಾಡಿ ಅವಳು ಹೇಳಿದ್ದನ್ನೇ ಹೇಳಿದೆ. ‘ಕೀಲಿನದೇ. ವ್ಯಾಯಾಮ ಶುರು ಮಾಡಿ, ಬೇಸಿಗೆ ಮುಗಿಯಲಿ, ಆಮೇಲೆ ಆಪರೇಷನ್ ಮಾತು’ ಎಂದರು. ಆ ‘ಆಮೇಲೆ’ ಕಿವಿಯಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಅವಳ ಮಣೆಯ ಪಕ್ಕದಲ್ಲಿ ನನಗೊಂದು ಕುರ್ಚಿ ಇತ್ತು. ‘ಶಿವ ಏನೂ ಬೇಜಾರ್ ಮಾಡ್ಕಳಲ್ಲ, ಕೂತ್ಕ’ ಎಂದಳು ಅವ್ವ. ಕೂತೆ. ಪೂಜೆ ಮುಗಿದು ಏಳುವಾಗ ತೊಡೆಸಂದಿಯಲ್ಲಿ ಚುಚ್ಚಿತು. ನನ್ನ ಕೈ ತಾನಾಗಿ ಕೆಳಗೆ ಅವಳ ಹೆಗಲ ಕಡೆ ಹೋಯಿತು. ಈ ಸಲ ಅದನ್ನು ನಾನೇ ನೋಡಿದೆ.