ಅಕ್ಕನ ಪೆಟ್ಟಿಗೆಯ ಮುಚ್ಚಳ

ನಾನು ಚಿಕ್ಕವನಿದ್ದಾಗ ನನಗೆ ಅಕ್ಕನನ್ನು ಕಂಡರೆ ವಿಪರೀತ ಹೊಟ್ಟೆಕಿಚ್ಚು. ಅವಳ ದುಂಡು ಅಕ್ಷರ, ಅವಳ ತಟ್ಟೆಗೆ ಬೀಳುವ ಗರಿಗರಿ ದೋಸೆ, ಅಪ್ಪ ಅವಳ ಹೆಸರು ಕರೆಯುವ ದನಿ, ಎಲ್ಲದರ ಮೇಲೂ ಕಿಚ್ಚು. ಇದನ್ನೆಲ್ಲ ಮಕ್ಕಳ ಮುಂದೆ ಹೇಳಬೇಡಿ ಎನ್ನುತ್ತಾಳೆ ನಿಮ್ಮ ಅಜ್ಜಿ. ಆದರೆ ಅದನ್ನು ಮುಚ್ಚಿಟ್ಟರೆ ಹೆಬ್ಬಾತಿನ ಕಥೆಯನ್ನು ಹೇಳುವುದು ಹೇಗೆ?

ಆಗ ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ, ಇದ್ದೆವು. ಉಡುಪಿ ಕಡೆಯಿಂದ ಬಂದ ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಿದ್ದರು. ಚಾಳಿನ ಹಿಂದೆಯೇ ಎಮ್ಮೆಗಳ ತಬೇಲಾ. ಅಲ್ಲಿ ಕಾವಲಿಗೆಂದು ಸಾಕಿದ್ದ ಹೆಬ್ಬಾತು ಮೊಟ್ಟೆಯಿಟ್ಟು ಕಾವಿಗೆ ಕೂತ ಮೊದಲ ದಿನವೇ ಬೀದಿನಾಯಿಗಳ ಬಾಯಿಗೆ ಬಿತ್ತು. ತಬೇಲಾದವನು ಉಳಿದ ಐದು ಮೊಟ್ಟೆಗಳನ್ನು ಅಪ್ಪನ ಕೈಗೆ ಕೊಟ್ಟ. ಒಂದನ್ನು ಹಿಡಿಯಲು ನನಗೆ ಎರಡೂ ಕೈ ಬೇಕಾಗುತ್ತಿತ್ತು.

ಅಪ್ಪ ಹೋಟೆಲಿನಿಂದ ಚಹಾಪುಡಿಯ ಖಾಲಿ ಮರದ ಪೆಟ್ಟಿಗೆ ತಂದು ಅದರೊಳಗೆ ಒಂದು ಬಲ್ಬು ಇಳಿಬಿಟ್ಟರು. ಮೂಲೆಯಲ್ಲಿ ನೀರಿನ ಬಟ್ಟಲು ಇಟ್ಟು, ಪೆಟ್ಟಿಗೆಯ ಒಳಬದಿಗೆ ಇಡ್ಲಿ ಬಟ್ಟೆಯನ್ನು ಒದ್ದೆ ಮಾಡಿ ತೂಗುಹಾಕಿದರು. ಮೊದಲ ದಿನ ಬಲ್ಬಿನ ಪಕ್ಕದ ಮೊಟ್ಟೆ ಕಾದು, ದೂರದ್ದು ತಣ್ಣಗೇ ಉಳಿಯಿತು. ಅಪ್ಪ ನಡುವೆ ತಗಡಿನ ಚೂರೊಂದನ್ನು ನಿಲ್ಲಿಸಿದ ಮೇಲೆ ಶಾಖ ಹದವಾಯಿತು. ಹದ ನೋಡಲು ನಮ್ಮಲ್ಲಿ ಯಾವ ಯಂತ್ರವೂ ಇರಲಿಲ್ಲ. ಮೊಟ್ಟೆಯನ್ನು ಮುಚ್ಚಿದ ಕಣ್ಣರೆಪ್ಪೆಗೆ ಮುಟ್ಟಿಸಿ ನೋಡುವುದು, ಅಷ್ಟೇ. ಆ ಕೆಲಸವೂ ಅಕ್ಕನಿಗೇ ಸಿಕ್ಕಿತು. ನನಗೂ ಕೊಡಿ ಎಂದು ಕುಣಿದಾಗ ಅಪ್ಪ ನಕ್ಕು, "ನಿಂಗೆ ಎಲ್ಲವೂ ಬಿಸಿಯೇ ಮಾರಾಯ, ಅವಳು ನೋಡ್ಲಿ" ಎಂದರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಕ್ಕ ಮೊಟ್ಟೆಗಳ ಒಂದು ಮಗ್ಗುಲಿಗೆ ಇದ್ದಿಲಿನಿಂದ ಗೆರೆ ಎಳೆದು ದಿನಕ್ಕೆ ಮೂರು ಸಲ ತಿರುಗಿಸುತ್ತಿದ್ದಳು. ಸಂಜೆ ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಉಗುರುಬೆಚ್ಚಗಿನ ನೀರು ಚಿಮುಕಿಸುತ್ತಿದ್ದಳು. ತಾಯಿ ಹಕ್ಕಿಯೂ ಈಜಿ ಬಂದು ಒದ್ದೆ ಮೈಯಲ್ಲೇ ಕೂರುತ್ತದಂತೆ. ಜೊತೆಗೆ "ಬಾ ಪುಟ್ಟಾ, ಬಾ" ಎಂದು ಮೊಟ್ಟೆಗಳೊಡನೆ ಮಾತು ಬೇರೆ. ನಾನು ಅಣಕಿಸುತ್ತಿದ್ದೆ. ಟಾರ್ಚ್ ಹಿಡಿದು ನೋಡಿದಾಗ ಎರಡು ಮೊಟ್ಟೆಗಳೊಳಗೆ ಏನೂ ಇರಲಿಲ್ಲ, ಇನ್ನೊಂದರ ಜೀವ ಅರ್ಧದಲ್ಲೇ ನಿಂತಿತ್ತು. ಉಳಿದದ್ದು ಎರಡೇ.

ಕೊನೆಯ ಮೂರು ದಿನ ತಿರುಗಿಸಬಾರದು, ಮುಚ್ಚಳ ತೆಗೆಯಲೇಬಾರದು ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದರು. ಹಬೆ ಹೋದರೆ ಮರಿ ಚಿಪ್ಪಿನೊಳಗೇ ಒಣಗಿ ಸಿಕ್ಕಿಕೊಳ್ಳುತ್ತದೆ. "ಇಡ್ಲಿ ಬೇಯುವಾಗ ಮಧ್ಯದಲ್ಲಿ ಮುಚ್ಚಳ ತೆಗಿಲಿಕ್ಕುಂಟಾ? ಇದೂ ಹಾಗೇ" ಎಂದರು. ಅದರ ಜೊತೆ ಇನ್ನೊಂದು ಮಾತನ್ನೂ ಹೇಳಿಬಿಟ್ಟರು: ಹೆಬ್ಬಾತಿನ ಮರಿ ಕಣ್ಣು ಬಿಟ್ಟಾಗ ಮೊದಲು ಯಾರನ್ನು ಕಾಣುತ್ತದೋ ಅವರ ಹಿಂದೆಯೇ ಹೋಗುತ್ತದೆ.

ನನ್ನ ತಲೆಯಲ್ಲಿ ಉಳಿದದ್ದು ಆ ಎರಡನೇ ಮಾತು ಮಾತ್ರ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಸಂದಿಯಲ್ಲಿ ಇಣುಕಿದಾಗ ಒಂದು ಮೊಟ್ಟೆಯ ಮೊಂಡು ತುದಿಯಲ್ಲಿ ಸಣ್ಣ ಬಿರುಕು ಕಂಡಿತು. ಅಲ್ಲೇ ಕಿವಿಯಿಟ್ಟರೆ ಒಳಗಿನಿಂದ ಚಿಂವ್ ಎಂಬ ಸದ್ದು. ನನ್ನ ಶಾಲೆ ಬೆಳಗಿನ ಪಾಳಿಯದ್ದು, ಅಕ್ಕನದು ಮಧ್ಯಾಹ್ನದ್ದು. ನಾನು ಬಂದಾಗ ಅವಳು ಹೊರಟಿದ್ದಳು. "ಮುಟ್ಬೇಡ ಆಯ್ತಾ? ಅಪ್ಪ ನಾಲ್ಕಕ್ಕೆ ಬರ್ತಾರೆ" ಎಂದಳು. ಅಮ್ಮ ಸ್ಟೋವಿನ ಪಕ್ಕ ಚಾಪೆ ಹಾಸಿ ಮಲಗಿದ್ದಳು. ಫ್ಯಾನು ಗರಗರ ತಿರುಗುತ್ತಿತ್ತು. ಮರಿ ನನ್ನನ್ನೇ ಮೊದಲು ನೋಡಬೇಕು. ಅಕ್ಕ ಬರುವಷ್ಟರಲ್ಲಿ ಅದು ನನ್ನದಾಗಿರಬೇಕು. ಮುಚ್ಚಳ ತೆಗೆದೆ. ಬಿಸಿ ಹಬೆ ಮುಖಕ್ಕೆ ಬಡಿದು ಕರಗಿತು. ಮರಿ ಬಂದಿರಲಿಲ್ಲ. ಮುಚ್ಚಿದೆ, ಮತ್ತೆ ತೆಗೆದೆ. ಹೀಗೆ ಒಟ್ಟು ಹನ್ನೊಂದು ಸಲ.

ಮೂರು ಗಂಟೆಗೆ ಬಿರುಕು ಬೆಳಗ್ಗೆ ಇದ್ದಷ್ಟೇ ಇತ್ತು. ಸದ್ದು ಕ್ಷೀಣಿಸಿತ್ತು. ಬಿಳಿಯಾಗಿ ಒದ್ದೆಯಿದ್ದ ಒಳಪೊರೆ ಕಂದು ಕಾಗದದಂತಾಗಿತ್ತು. ಸಹಾಯ ಮಾಡೋಣವೆಂದು ಉಗುರಿನಿಂದ ಚಿಪ್ಪಿನ ಒಂದು ಚೂರು ಕಿತ್ತೆ. ರಕ್ತದ ಹನಿಯೊಂದು ಮೂಡಿತು. ಮುಚ್ಚಳ ಹಾಕಿ ಬಾಗಿಲ ಬಳಿ ಹೋಗಿ ಕೂತೆ.

ನಾಲ್ಕಕ್ಕೆ ಸಾಂಬಾರಿನ ವಾಸನೆಯೊಂದಿಗೆ ಅಪ್ಪ ಬಂದರು. ಪೆಟ್ಟಿಗೆಯ ಮುಂದೆ ಕೂತು, "ಎಷ್ಟು ಸಲ ತೆಗ್ದಿ?" ಎಂದು ಕೇಳಿದರು.

"ಒಂದೇ ಸಲ."

ಅಪ್ಪ ಒಳಗೆ ಕೈ ಹಾಕಿ ಇಡ್ಲಿ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದರು. ಅದು ಹಪ್ಪಳದಂತೆ ಒಣಗಿತ್ತು. ದಿನಕ್ಕೆ ನೂರು ಸಲ ಅದೇ ಬಟ್ಟೆ ಮುಟ್ಟುವ ಕೈಗೆ ಸುಳ್ಳು ಹೇಳಲಾದೀತೇ? ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ನೀರು ಬಿಸಿ ಮಾಡಿ ಬಟ್ಟಲು ತುಂಬಿಸಿ, ಬಟ್ಟೆಯನ್ನು ಬೆಚ್ಚಗೆ ನೆನೆಸಿ, ಉಸಿರಾಡುವ ತೂತಷ್ಟನ್ನು ಬಿಟ್ಟು ಮೊಟ್ಟೆಗೆ ಸುತ್ತಿದರು. ಐದಕ್ಕೆ ಮತ್ತೆ ಕೆಲಸಕ್ಕೆ ಹೋಗುವ ಮುಂಚೆ, "ಅಕ್ಕನಿಗೆ ನೀನೇ ಹೇಳ್ಬೇಕು" ಎಂದರು.

ಹೇಳಿದೆ. ಶಾಲೆಯಿಂದ ಬಂದ ಅವಳಿಗೂ "ಒಂದೇ ಸಲ" ಎಂದೇ ಹೇಳಿದೆ. ಅಕ್ಕ ಜಗಳವಾಡಲಿಲ್ಲ. ಕಣ್ಣೊರೆಸಿಕೊಂಡು, ಒದ್ದೆ ಹತ್ತಿಯಿಂದ ಒಣಗಿದ ಪೊರೆಯನ್ನು ಆಗಾಗ ತೇವ ಮಾಡುತ್ತ ಕೂತಳು.

ಮರುದಿನ ಬೆಳಿಗ್ಗೆ ಚಿಪ್ಪು ಕಳಚಿ ಮರಿ ಹೊರಬಿತ್ತು. ಆಗ ಅಕ್ಕ ಏನು ಮಾಡಿದಳು ಗೊತ್ತೇ? ನನ್ನನ್ನು ಎಳೆದು ಪೆಟ್ಟಿಗೆಯ ಮುಂದೆ ಕೂರಿಸಿ, "ನೀನೇ ಮೊದಲು ನೋಡು" ಎಂದು ತಾನು ಹಿಂದೆ ಸರಿದಳು. ಮರಿ ಕತ್ತೆತ್ತಿ ನನ್ನನ್ನೇ ನೋಡಿತು. ನಾನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅಕ್ಕ ತಡೆಯಲಾಗದೆ "ಬಾ ಪುಟ್ಟಾ" ಅಂದುಬಿಟ್ಟಳು. ಮರಿ ನನ್ನ ಕೈ ದಾಟಿ, ತೆವಳುತ್ತ ಎಡವುತ್ತ, ಆ ದನಿಯ ಕಡೆಗೇ ಹೋಯಿತು. ಚಿಪ್ಪಿನೊಳಗಿಂದಲೇ ಅದು ಅವಳ ಮಾತನ್ನು ಕೇಳುತ್ತ ಬೆಳೆದಿತ್ತಲ್ಲ. ಎರಡನೇ ಮೊಟ್ಟೆ ಒಡೆಯಲೇ ಇಲ್ಲ. ಯಾಕೆಂದು ಯಾರೂ ನನ್ನನ್ನು ಕೇಳಲಿಲ್ಲ.

ಮಕ್ಕಳೇ, ಈಗ ಮಲಾಡಿನ ನಮ್ಮ ಈ ಏಳನೇ ಮಹಡಿಯ ಮನೆಯಲ್ಲೂ ಹೆಬ್ಬಾತಿನ ಮೊಟ್ಟೆಗಳಿವೆ. ನಿಮ್ಮ ಅಪ್ಪನ ಗೆಳೆಯ ತನ್ನ ತೋಟದಿಂದ ಕೊಟ್ಟವು. ಮರಿಗಳು ಅಲ್ಲಿಗೇ ಮರಳುತ್ತವೆ. ನಿಮ್ಮ ಇನ್‌ಕ್ಯುಬೇಟರ್ ತಾನೇ ಮೊಟ್ಟೆ ತಿರುಗಿಸುತ್ತದೆ, ಶಾಖವನ್ನೂ ತೇವವನ್ನೂ ಅಂಕಿಯಲ್ಲಿ ತೋರಿಸುತ್ತದೆ. ಯಾರ ಕಣ್ಣರೆಪ್ಪೆಯೂ ಬೇಡ. ಪಾರದರ್ಶಕ ಮುಚ್ಚಳದ ಆಚೆಗೆ ಎಲ್ಲವೂ ಕಾಣುತ್ತದೆ. ಆದರೂ ನಿನ್ನೆ, ನಿನ್ನ ತಮ್ಮ ಕ್ರಿಕೆಟ್‌ಗೆ ಹೋದಾಗ, ಮೊಮ್ಮಗಳೇ, ನೀನು ಆ ಮುಚ್ಚಳದ ಪಕ್ಕ ಒಬ್ಬಳೇ ಇದ್ದೆ. ತೇವದ ಅಂಕಿ ಸರ್ರನೆ ಇಳಿದಿತ್ತು. ಎಷ್ಟು ಸಲ ತೆಗೆದೆ ಎಂದು ಕೇಳಿದೆ.

"ಬಸ್ ಏಕ್ ಬಾರ್, ಅಜ್ಜ. ಪ್ರಾಮಿಸ್."

ನಿನ್ನದೂ ಅದೇ "ಒಂದೇ ಸಲ". ನಾನು ನಿನಗೆ ಬೈಯಲಿಲ್ಲ. ಬಟ್ಟಲಿಗೆ ಬಿಸಿ ನೀರು ಹಾಕಿಸಿ, ಬೊರಿವಲಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ಅವತ್ತು ಒಂದು ಸಲ ಅಲ್ಲ, ಹನ್ನೊಂದು ಸಲ" ಎಂದೆ.

ಅವಳು, "ಗೊತ್ತುಂಟು ಮಾರಾಯ. ನೀನು ಹೇಳುವ ಮೊದಲೇ ಆ ಬಟ್ಟೆ ಹೇಗಿತ್ತೂಂತ ಅಪ್ಪ ಹೋಟೆಲಲ್ಲಿ ಹೇಳಿದ್ರು. ನಾನು ಶಾಲೆಯಿಂದ ಆ ದಾರಿಯಲ್ಲೇ ಬಂದದ್ದಲ್ವಾ" ಎಂದಳು.

ಎಲ್ಲ ಗೊತ್ತಿದ್ದೂ ಅವಳು ಅವತ್ತು ನನ್ನನ್ನು ಪೆಟ್ಟಿಗೆಯ ಮುಂದೆ ಕೂರಿಸಿದ್ದಳು. ನಾನು ಇನ್ನೇನಾದರೂ ಹೇಳುವಷ್ಟರಲ್ಲಿ ನೀನು "ದೊಡ್ಡಜ್ಜಿ, ನಾನು ಆರು ಸಲ ಖೋಲಾ, ಅಬ್ ಕ್ಯಾ ಮಾಡೋದು?" ಎನ್ನುತ್ತ ಫೋನ್ ಕಿತ್ತುಕೊಂಡು ಬಾಲ್ಕನಿಗೆ ಓಡಿದೆ. ಆರು ಸಲ ತೆಗೆದೆ ಎಂಬ ನಿಜವನ್ನು ನೀನು ನನಗೆ ಹೇಳಲಿಲ್ಲ, ಅವಳಿಗೆ ಹೇಳಿದೆ. ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚಾಯಿತು ನನಗೆ.